ಬೀರುವಿನಲ್ಲಿ 640 ಪುಸ್ತಕ, ಲೈಬ್ರರಿ ಪೀರಿಯಡ್ಡಿನಲ್ಲಿ ಗಣಿತ. ಎಲ್ಲಿಂದ ಶುರು ಮಾಡೋಣ?

ಬಾಗೇಪಲ್ಲಿ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಾಗೇಪಲ್ಲಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 1ರಿಂದ 7ನೇ ತರಗತಿ, ಮಕ್ಕಳು 86, ಶಿಕ್ಷಕರು ನಾಲ್ವರು. ಸ್ಟಾಕ್ ರಿಜಿಸ್ಟರಿನ ಪ್ರಕಾರ 640 ಪುಸ್ತಕ ಇವೆ, ಎಲ್ಲ ಆಫೀಸ್ ರೂಮಿನ ಎರಡು ಕಬ್ಬಿಣದ ಬೀರುಗಳಲ್ಲಿ. ಲೈಬ್ರರಿಗೆ ಅಂತ ಕೊಠಡಿ ಇಲ್ಲ. ವೇಳಾಪಟ್ಟಿಯಲ್ಲಿ ಶುಕ್ರವಾರದ ಕೊನೆ ಪೀರಿಯಡ್ ಲೈಬ್ರರಿ, ಆದರೆ ಪೋರ್ಷನ್ ಮುಗಿಯದವರು ಅದನ್ನು ಎತ್ತಿಕೊಳ್ಳುತ್ತಾರೆ. ಪುಸ್ತಕ ಕೊಟ್ಟ ದಿನವೂ ಹೆಸರು ಬರೆದುಕೊಳ್ಳುವಷ್ಟರಲ್ಲಿ ಬೆಲ್ ಆಗಿರುತ್ತದೆ.

ತಿಳಿಯಬೇಕಾದ್ದು ಇಷ್ಟು. ಮನೆಗೆ ಕೊಟ್ಟ ಪುಸ್ತಕ ಕಳೆದರೆ, ನಾಳೆ ವರ್ಗವಾಗಿ ಇನ್ನೊಬ್ಬರಿಗೆ ಚಾರ್ಜ್ ಕೊಡುವಾಗ ನಮ್ಮ ತಲೆಗೆ ಬರುತ್ತದಾ? ನಮ್ಮ ಮಕ್ಕಳು ಮನೆಯಲ್ಲಿ ಮಾತಾಡುವುದು ತೆಲುಗು, 5ನೇ ತರಗತಿಯಲ್ಲೂ ಒತ್ತಕ್ಷರ ಬಂದರೆ ನಿಂತುಬಿಡುತ್ತಾರೆ. ಅಂಥವರ ಕೈಗೆ ಯಾವ ಪುಸ್ತಕ ಕೊಡಬೇಕು? ದೊಡ್ಡ ಲೈಬ್ರರಿಗಳಲ್ಲಿ ವಿಷಯದ ಪ್ರಕಾರ ಹಾಕುವ ಡ್ಯೂಯಿ ನಂಬರ್ ಹಾಕಲೇಬೇಕಾ? ಕೊನೆಯದಾಗಿ, "ಕಥೆ ಓದಿಸಿದ್ರೆ ಮಾರ್ಕ್ಸ್ ಬರುತ್ತಾ ಸರ್?" ಅನ್ನುವ ಸಹೋದ್ಯೋಗಿಗಳಿಗೆ ಏನು ಹೇಳಲಿ?

---

ಕೋಲಾರ ಪುಸ್ತಕಪೆಟ್ಟಿಗೆ ಉತ್ತರ:

ಸರ್, ನಿಮ್ಮ ಪೀರಿಯಡ್ ಕೆಡುತ್ತಿರುವುದು ಬರವಣಿಗೆಯಿಂದ. ಲೆಕ್ಕ ಹಾಕಿ ನೋಡಿ. 5, 6, 7ನೇ ತರಗತಿ ಸೇರಿ ಸುಮಾರು 35 ಮಕ್ಕಳು. ಹಳೆಯದನ್ನು ಹೊಡೆದುಹಾಕಿ ಹೊಸದರ ಹೆಸರು, ಲೇಖಕ, ತಾರೀಕು ಬರೆದು ಸಹಿ ತೆಗೆದುಕೊಳ್ಳಲು ಒಬ್ಬರಿಗೆ ಒಂದೂವರೆ ನಿಮಿಷ. ಒಟ್ಟು 52 ನಿಮಿಷ ಆಯಿತು, ಪೀರಿಯಡ್ ಇರುವುದು 40. ಓದುವುದಕ್ಕೆ ಎಲ್ಲಿ ಸಮಯ ಉಳಿಯುತ್ತದೆ? ಕೊಠಡಿ, ರ‍್ಯಾಕ್ ಎಲ್ಲ ಆಮೇಲೆ. ಮೊದಲು ಈ ಇಶ್ಯೂ ರಿಜಿಸ್ಟರನ್ನು ಬದಿಗಿಡಿ.

ಅದರ ಬದಲು ಚೀಟಿ ಪದ್ಧತಿ. ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಪುಟ್ಟ ಜೇಬು ಅಂಟಿಸಿ, ಅದರಲ್ಲಿ ಪುಸ್ತಕದ ಸಂಖ್ಯೆ, ಹೆಸರು ಬರೆದ ಚೀಟಿ ಇಡಿ. ಎರಡಕ್ಕೂ ಹಳೆಯ ಲಗ್ನಪತ್ರಿಕೆ ಸಾಕು, ಅಷ್ಟು ಗಟ್ಟಿ ಕಾಗದ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಚೀಟಿ 3 ಇಂಚು ಅಗಲ, 5 ಇಂಚು ಉದ್ದ. ಇನ್ನೊಂದು ಕಡೆ ದೊಡ್ಡ ರಟ್ಟಿನ ಮೇಲೆ ತರಗತಿಗೊಂದರಂತೆ ಮಕ್ಕಳ ಹೆಸರಿನ ಜೇಬುಗಳ ಸಾಲು ಮಾಡಿ ಗೋಡೆಗೆ ತೂಗುಹಾಕಿ. ಮಗು ಪುಸ್ತಕ ತೆಗೆದುಕೊಂಡಾಗ ಅದರ ಚೀಟಿಯನ್ನು ತನ್ನ ಹೆಸರಿನ ಜೇಬಿಗೆ ಹಾಕುತ್ತದೆ. ವಾಪಸ್ ತಂದಾಗ ಚೀಟಿ ಪುಸ್ತಕಕ್ಕೆ ಮರಳುತ್ತದೆ. ಒಬ್ಬರಿಗೆ ಹತ್ತು ಸೆಕೆಂಡ್. ಗೋಡೆ ನೋಡಿದರೆ ಸಾಕು, ಯಾರ ಹತ್ತಿರ ಯಾವ ಪುಸ್ತಕ ಇದೆ ಎಂದು ಗೊತ್ತಾಗುತ್ತದೆ. 4ನೇ ತರಗತಿಯಿಂದ ಮೇಲೆ ತರಗತಿಗಿಬ್ಬರು ಮಕ್ಕಳೇ ಇದನ್ನು ನಡೆಸುತ್ತಾರೆ. ಅವರನ್ನು ಎರಡು ತಿಂಗಳಿಗೊಮ್ಮೆ ಬದಲಿಸಿ, ಇಲ್ಲದಿದ್ದರೆ ಒಳ್ಳೆಯ ಪುಸ್ತಕ ಅವರ ಗೆಳೆಯರ ಪಾಲಾಗುತ್ತದೆ.

ಇದು ಕೆಡುವುದು ಒಂದೇ ಕಡೆ: ಚೀಟಿ ಹಾಕದೆ ಪುಸ್ತಕ ಒಯ್ಯುವುದು. ಪೀರಿಯಡ್ ಮುಗಿಯುವ ಐದು ನಿಮಿಷ ಮೊದಲು "ಎಲ್ಲರೂ ಹಿಂದಿನ ರಟ್ಟು ತೆರೆದು ತೋರಿಸಿ" ಅನ್ನಿ. ಚೀಟಿ ಕಂಡರೆ ಅದು ಇನ್ನೂ ಇಶ್ಯೂ ಆಗಿಲ್ಲ ಅಂತಲೇ ಅರ್ಥ.

ಎರಡನೆಯದು, 640 ಅನ್ನುವ ಸಂಖ್ಯೆಯನ್ನು ನಂಬಬೇಡಿ. ಎಲ್ಲವನ್ನೂ ನೆಲಕ್ಕೆ ಇಳಿಸಿ ವಿಂಗಡಿಸಿ. ಹಳೆಯ ಪಠ್ಯಪುಸ್ತಕ, ಗೈಡು, ಇಲಾಖೆಯ ಸುತ್ತೋಲೆಗಳ ಕಟ್ಟು, ತರಬೇತಿ ಕೈಪಿಡಿ, ದೊಡ್ಡವರ ವಿಮರ್ಶಾ ಗ್ರಂಥ ಇವೆಲ್ಲ ಮಕ್ಕಳ ಪುಸ್ತಕಗಳಲ್ಲ. ರಿಜಿಸ್ಟರಿನಲ್ಲಿ ಇರಲಿ, ಬೀರುವಿನ ಮೇಲಿನ ಅರೆಗೆ ಹೋಗಲಿ. ಉಳಿದದ್ದು ಮುನ್ನೂರೇ ಆದರೂ ಚಿಂತೆಯಿಲ್ಲ.

ಇಡುವ ಜಾಗ: ತರಗತಿಯ ಗೋಡೆಗೆ ಎರಡು ಸಾಲು ಹಗ್ಗ, ನೆಲದಿಂದ ಎರಡೂವರೆ ಅಡಿ ಒಂದು, ನಾಲ್ಕು ಅಡಿ ಇನ್ನೊಂದು. 10 ಅಡಿ ಗೋಡೆಯಲ್ಲಿ ಸಾಲಿಗೆ 13ರಂತೆ 26 ತೆಳು ಪುಸ್ತಕ ಮುಖಪುಟ ಕಾಣುವ ಹಾಗೆ ನಿಲ್ಲುತ್ತವೆ. ಪುಸ್ತಕವನ್ನು ನಡುವೆ ಬಿಚ್ಚಿ ಹಗ್ಗದ ಮೇಲೆ ಮಗುಚಬೇಡಿ, ಪಿನ್ನಿನ ಹತ್ತಿರ ಹಾಳೆ ಹರಿಯುತ್ತದೆ. ಬಟ್ಟೆ ಕ್ಲಿಪ್ ಹಾಕಿ. 26ನ್ನು ಹದಿನೈದು ದಿನಕ್ಕೊಮ್ಮೆ ಬದಲಿಸಿ. ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದ ಪುಸ್ತಕವನ್ನು ಚಿಕ್ಕ ಮಕ್ಕಳು ಮುಟ್ಟುವುದೇ ಕಡಿಮೆ, ಏಕೆಂದರೆ ಕನ್ನಡದ ತೆಳು ಮಕ್ಕಳ ಪುಸ್ತಕಗಳಿಗೆ ಬೆನ್ನ ಮೇಲೆ ಹೆಸರೇ ಇರುವುದಿಲ್ಲ.

ಡ್ಯೂಯಿ ಬೇಡ. ದೊಡ್ಡ ಗ್ರಂಥಾಲಯಕ್ಕೆ ಅದು ಬೇಕು, 300 ಪುಸ್ತಕಕ್ಕೆ ಕಥೆ, ಪದ್ಯ, ವಿಜ್ಞಾನ, ಜನ ಮತ್ತು ಊರು, ನೋಡುವ ಪುಸ್ತಕ ಅಂತ ಐದು ಗುಂಪು ಸಾಕು. ಓದುವ ಹಂತಕ್ಕೆ ಮುಖಪುಟದ ಮೂಲೆಯಲ್ಲಿ ಬಣ್ಣದ ಚುಕ್ಕೆ ಅಂಟಿಸಿ.

---

ನಿವೃತ್ತ ಹೆಡ್ಮಾಸ್ಟರ್, ತುಮಕೂರು ಉತ್ತರ:

ಚಾರ್ಜ್ ಭಯದ ಬಗ್ಗೆ ಹೇಳುತ್ತೇನೆ, ಬೀರುವಿಗೆ ಬೀಗ ಬೀಳುವುದು ಅದರಿಂದಲೇ.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ 215ನೇ ನಿಯಮ ಓದಿ. ಗ್ರಂಥಾಲಯದಲ್ಲಿ ವರ್ಷಕ್ಕೆ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. 1,000 ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಈ ನಿಯಮ ರಾಜ್ಯದ ಶಾಲೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ ನಿಜ, ಆದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮುಂದಿಡಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ನಿಮ್ಮ 86 ಮಕ್ಕಳು ವಾರಕ್ಕೊಂದರಂತೆ 30 ವಾರ ಒಯ್ದರೆ 2,580 ಎರವಲು. ಆ ಲೆಕ್ಕದಲ್ಲಿ 12 ಪುಸ್ತಕ ಕಳೆಯಬಹುದು. ಇನ್ನೊಂದು ಕಡೆಯಿಂದ ನೋಡಿ: ಒಂದೂ ಕಳೆಯದ ಶಾಲೆ ಅಂದರೆ ಬಹುಮಟ್ಟಿಗೆ ಒಂದೂ ಹೊರಗೆ ಹೋಗದ ಶಾಲೆ.

ಮಾಡಬೇಕಾದ್ದು ಹೀಗೆ. ಜೂನ್ ತಿಂಗಳ ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿ: ಪುಸ್ತಕಗಳನ್ನು ಮಕ್ಕಳ ಮನೆಗೆ ಕೊಡಲಾಗುವುದು, ಕಳೆದ ಮತ್ತು ಹರಿದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಎಣಿಸಿ ಸಮಿತಿಯ ಮುಂದೆ ಇಡಲಾಗುವುದು, ಮಕ್ಕಳಿಂದ ದಂಡ ವಸೂಲಿ ಮಾಡುವುದಿಲ್ಲ. ಮಾರ್ಚ್ ಕೊನೆಯಲ್ಲಿ ಇಬ್ಬರು ಸದಸ್ಯರನ್ನು ಕೂರಿಸಿ ಎಣಿಸಿ, ಕಳೆದದ್ದರ ಮುಂದೆ ಷರಾ ಕಾಲಂನಲ್ಲಿ ನಡಾವಳಿ ಸಂಖ್ಯೆ, ದಿನಾಂಕ ಬರೆದು ಸಹಿ ಮಾಡಿಸಿ. ಪಟ್ಟಿಯ ಪ್ರತಿಯನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಚಾರ್ಜ್ ಪಟ್ಟಿಯಲ್ಲಿ ತೊಂದರೆ ಕೊಡುವುದು ಕಾಗದವಿಲ್ಲದ ನಷ್ಟ, ಕಾಗದವಿರುವ ನಷ್ಟ ಅಲ್ಲ.

ದಂಡ ಬೇಡ ಅಂದಿದ್ದಕ್ಕೆ ಕಾರಣ ಇದೆ. 60 ರೂಪಾಯಿ ಪುಸ್ತಕ ಕಳೆದ ಮಗು ಅದನ್ನು ಹೇಳದೆ ಮುಂದಿನ ವಾರದಿಂದ ಪುಸ್ತಕ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಪುಸ್ತಕವೂ ಹೋಯಿತು, ಓದುಗನೂ ಹೋದ.

ಸ್ಟಾಕ್ ರಿಜಿಸ್ಟರಿನ ಕಾಲಂ: ಕ್ರಮ ಸಂಖ್ಯೆ, ಬಂದ ದಿನಾಂಕ, ಹೆಸರು, ಲೇಖಕರು, ಪ್ರಕಾಶಕರು, ಪುಟ, ಬೆಲೆ, ಬಂದ ಮೂಲ, ಷರಾ. ಸಂಖ್ಯೆಯನ್ನು ಹೆಸರಿನ ಪುಟದ ಹಿಂಬದಿಯಲ್ಲೂ ಒಳಗಿನ ಒಂದು ನಿಶ್ಚಿತ ಪುಟದಲ್ಲೂ ಬರೆಯಿರಿ, 11ನೇ ಪುಟ ಅಂದುಕೊಳ್ಳೋಣ. ರಟ್ಟು ಕಿತ್ತುಹೋದರೂ ಗುರುತು ಸಿಗುತ್ತದೆ. ಶಾಲೆಯ ಸೀಲನ್ನು ಚಿತ್ರದ ಮೇಲೆ ಒತ್ತಬೇಡಿ ಸ್ವಾಮಿ, ಆನೆಯ ಮುಖದ ಮೇಲೆ ಮುಖ್ಯ ಶಿಕ್ಷಕರ ಮೊಹರು ಇರುವ ಪುಸ್ತಕಗಳು ಜಿಲ್ಲೆಯ ತುಂಬ ಇವೆ.

ಪೀರಿಯಡ್ ಕಸಿದುಕೊಳ್ಳುವವರಿಗೆ ಎರಡು ಕಾಗದ ತೋರಿಸಿ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ವಾರಕ್ಕೊಂದು ಗ್ರಂಥಾಲಯ ಅವಧಿ ಇರಬೇಕು ಎನ್ನುತ್ತದೆ. ಕೊಠಡಿ ಇಲ್ಲದಿದ್ದರೆ ಶಿಕ್ಷಕರೇ ಪುಸ್ತಕ ತಂದು ಹರಡಲಿ, ಆದರೆ ಹಂಚಬಾರದು, ಮಗುವೇ ಆರಿಸಿಕೊಳ್ಳಲಿ ಅಂತಲೂ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯದ ಪುಸ್ತಕ ಇರಬೇಕೆಂದಿದೆ. ಕಥೆ ಪುಸ್ತಕ ಎಂಬ ಪದವೂ ಅಲ್ಲಿ ಸ್ಪಷ್ಟವಾಗಿದೆ. ಶುಕ್ರವಾರದ ಕೊನೆ ಪೀರಿಯಡ್ ಮಾತ್ರ ಬದಲಿಸಿ. ಆ ಹೊತ್ತಿಗೆ ಮಕ್ಕಳ ಮನಸ್ಸು ಗೇಟಿನ ಹೊರಗಿರುತ್ತದೆ. ಬುಧವಾರ ಮಧ್ಯಾಹ್ನದ ಊಟಕ್ಕೆ ಮುಂಚಿನ ಪೀರಿಯಡ್ ಒಳ್ಳೆಯದು.

---

ಪಾವಗಡ ನಲಿಕಲಿ ಉತ್ತರ:

ಬಣ್ಣದ ಚುಕ್ಕೆ ವಿಚಾರದಲ್ಲಿ ಕೋಲಾರದವರಿಗೆ ಒಂದು ತಿದ್ದುಪಡಿ. ಚುಕ್ಕೆ ಪುಸ್ತಕಕ್ಕೆ ಇರಲಿ, ಮಗುವಿಗೆ ಬೇಡ. "ನೀನು ಹಸಿರು, ಅವಳು ನೀಲಿ" ಅಂದ ದಿನವೇ ಹಸಿರು ಪುಸ್ತಕ ಹಿಡಿಯಲು 6ನೇ ತರಗತಿ ಹುಡುಗ ನಾಚುತ್ತಾನೆ. ಯಾವ ಬಣ್ಣವನ್ನಾದರೂ ತೆಗೆದುಕೊಳ್ಳಬಹುದು ಅನ್ನುವ ನಿಯಮ ಇರಲೇಬೇಕು. ದೊಡ್ಡ ಮಕ್ಕಳು ಸುಲಭದ ಪುಸ್ತಕ ಓದಲು ಒಂದು ನೆಪ ಕೊಡಿ: 1ನೇ ತರಗತಿಯವರಿಗೆ ಓದಿ ಹೇಳಲು ಅಭ್ಯಾಸ ಮಾಡಿಕೊಳ್ಳಿ ಅನ್ನಿ. ಮರ್ಯಾದೆಯೂ ಉಳಿಯುತ್ತದೆ, ಓದೂ ಆಗುತ್ತದೆ.

ಹಂತ ಗುರುತಿಸುವುದು ಹೇಗೆ? ಪುಸ್ತಕದ ಹಿಂದೆ ಅಚ್ಚಾಗಿರುವ ವಯಸ್ಸನ್ನು ನಂಬಬೇಡಿ. ಕನ್ನಡದಲ್ಲಿ ಕಷ್ಟ ಇರುವುದು ಮೂರು ಕಡೆ. ಒತ್ತಕ್ಷರ, ಪದದ ಉದ್ದ, ಪುಟಕ್ಕೆಷ್ಟು ಸಾಲು.

ಹಸಿರು: ಪುಟಕ್ಕೆ ಒಂದೆರಡು ಸಾಲು, ಕಾಗುಣಿತ ಮಾತ್ರ, ಒತ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.
ಹಳದಿ: ಪುಟಕ್ಕೆ ನಾಲ್ಕೈದು ಸಾಲು, ಅಕ್ಕ, ಹಳ್ಳಿ, ಬೆಟ್ಟ ಥರದ ಸಜಾತೀಯ ಒತ್ತು.
ನೀಲಿ: ಪುಟದಲ್ಲಿ ಒಂದು ಪ್ಯಾರಾ, ಸೂರ್ಯ, ಪುಸ್ತಕ, ಕಷ್ಟ ಥರದ ವಿಜಾತೀಯ ಒತ್ತು, ಮಧ್ಯೆ ಮಧ್ಯೆ ಉದ್ದ ಪದ.
ಕೆಂಪು: ಅಧ್ಯಾಯಗಳಿರುವುದು, ಚಿತ್ರ ಕಡಿಮೆ.

ಮಗು ತಾನೇ ಪರೀಕ್ಷಿಸಿಕೊಳ್ಳಲು ಐದು ಬೆರಳಿನ ಲೆಕ್ಕ ಹೇಳಿಕೊಡಿ. ಯಾವುದಾದರೂ ಒಂದು ಪುಟ ತೆರೆದು ಓದುವುದು, ಎಡವಿದ ಪದಕ್ಕೊಂದು ಬೆರಳು ಮಡಚುವುದು. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಇದನ್ನು ಯಾರಾದರೂ ಓದಿ ಹೇಳಲಿ, ಇನ್ನೊಂದನ್ನು ನಾನೇ ಓದುತ್ತೇನೆ ಅಂತ ಎರಡು ಪುಸ್ತಕ ಒಯ್ಯಲಿ.

ಇನ್ನು ತೆಲುಗು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ನಮ್ಮ ಪಾವಗಡ, ಎಲ್ಲ ಕಡೆ ಇದೇ ಕಥೆ. ಮನೆ ಭಾಷೆಯನ್ನು ಲೈಬ್ರರಿ ಪೀರಿಯಡ್ಡಿನಿಂದ ಹೊರಗಿಟ್ಟರೆ ಮಗು ಅಕ್ಷರ ಕೂಡಿಸಿ ಓದುತ್ತದೆ, ಅರ್ಥ ಹತ್ತುವುದಿಲ್ಲ. ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳಿ, ನಡುವೆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಉತ್ತರ ತೆಲುಗಿನಲ್ಲಿ ಬಂದರೂ ಒಪ್ಪಿಕೊಳ್ಳಿ, ಅದನ್ನೇ ನೀವು ಕನ್ನಡದಲ್ಲಿ ಒಮ್ಮೆ ಹೇಳಿ ಮುಂದೆ ಹೋಗಿ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕಥೆಗಳು ಕನ್ನಡ, ತೆಲುಗು ಎರಡರಲ್ಲೂ ಇವೆ, ಉಚಿತ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ನೀವು ಮೊದಲು ತೆಲುಗಿನದನ್ನು ಬಾಯಲ್ಲಿ ಹೇಳಿ, ಮರುದಿನ ಅದೇ ಕಥೆಯ ಕನ್ನಡ ಪುಸ್ತಕ ಕೈಗೆ ಕೊಡಿ. ಕಥೆ ಗೊತ್ತಿರುವ ಮಗು ಪದವನ್ನು ಊಹಿಸಿ ಓದುತ್ತದೆ. ಹಾಗೆ ಊಹಿಸುವುದು ಕಳ್ಳಾಟ ಅಲ್ಲ, ಶುರುವಿನಲ್ಲಿ ಅದೂ ಒಂದು ಆಸರೆ.

ಇನ್ನೊಂದು ಆಟ ಇದೆ. ಕನ್ನಡದ ಹಕಾರ ಎಷ್ಟೋ ಕಡೆ ತೆಲುಗಿನಲ್ಲಿ ಪಕಾರ: ಹಾಲು–ಪಾಲು, ಹುಲಿ–ಪುಲಿ, ಹಾವು–ಪಾಮು, ಹಾಡು–ಪಾಟ, ಹೂವು–ಪುವ್ವು. ಓದಿದ ಪುಸ್ತಕದಲ್ಲಿ ಇಂಥ ಜೋಡಿ ಹುಡುಕಿ ಗೋಡೆಯ ಪಟ್ಟಿಗೆ ಸೇರಿಸಲು ಹೇಳಿ. ವಾರಕ್ಕೆ ನಾಲ್ಕೈದು ಸಿಕ್ಕರೂ ಸಾಕು, ಅವರ ಮನೆಮಾತು ಓದಿಗೆ ಮೆಟ್ಟಿಲಾಗುತ್ತದೆ.

ಒಂದು ಬೇಡಿಕೆ: ಪುಸ್ತಕ ವಾಪಸ್ ತಂದವರಿಂದ "ಸಾರಾಂಶ ಬರಿ, ನೀತಿ ಬರಿ" ಎಂದು ಕೇಳಬೇಡಿ. ಬರೆಯಲು ಬಾರದ ಮಗು ಮೊದಲು ಬಿಡುವುದೇ ಪುಸ್ತಕವನ್ನು. ಇಷ್ಟವಾದ ಒಂದು ಪುಟವನ್ನು ಗೆಳೆಯನಿಗೆ ತೋರಿಸಿ ಓದಿದರೆ ಅದೇ ಲೆಕ್ಕ.

---

ಬಾಗೇಪಲ್ಲಿ ಮೇಷ್ಟ್ರು:

ಚೀಟಿ ಪದ್ಧತಿ ಈ ವಾರವೇ ಶುರು ಮಾಡುತ್ತೇವೆ. ನಡಾವಳಿ ವಿಷಯವನ್ನು ಹೆಡ್ಮಾಸ್ಟರ್ ಹತ್ತಿರ ಮಾತಾಡಿದೆ, ಒಪ್ಪಿದ್ದಾರೆ. ಆದರೆ ಮಾರ್ಕ್ಸ್ ಪ್ರಶ್ನೆ ಉಳಿಯಿತು. ವಿಜ್ಞಾನ, ಸಮಾಜ ತೆಗೆದುಕೊಳ್ಳುವವರಿಗೆ ಲೈಬ್ರರಿಯಿಂದ ಏನು ಪ್ರಯೋಜನ ಅಂತ ಹೇಗೆ ತೋರಿಸುವುದು?

---

ಕೋಲಾರ ಪುಸ್ತಕಪೆಟ್ಟಿಗೆ:

ಅವರಿಗೆ ವಾದ ಬೇಡ, ಪಾಠಕ್ಕೆ ಮುಂಚೆ ಪುಸ್ತಕ ಕೊಡಿ. ಮುಂದಿನ ಹದಿನೈದು ದಿನದಲ್ಲಿ ನೀರಿನ ಪಾಠ ಇದೆ ಅಂದರೆ ಕೆರೆ, ಮಳೆ, ಬಾವಿ, ಮೀನು, ಕಪ್ಪೆ ಬಗ್ಗೆ ಇರುವ ಎಂಟು ಹತ್ತು ಪುಸ್ತಕ ಆರಿಸಿ ಒಂದು ಪೆಟ್ಟಿಗೆಯಲ್ಲಿ ಆ ಶಿಕ್ಷಕರ ಮೇಜಿನ ಮೇಲಿಡಿ. ಕಥೆಯೂ ಇರಲಿ, ಮಾಹಿತಿಯೂ ಇರಲಿ. ಪಾಠ ಶುರುವಾಗುವ ಹೊತ್ತಿಗೆ ಆವಿ, ಅಂತರ್ಜಲ ಎಂಬ ಪದಗಳನ್ನು ಮಗು ಒಮ್ಮೆ ನೋಡಿರುತ್ತದೆ. ಪಠ್ಯಪುಸ್ತಕದ ಒಂದೇ ಪುಟದಲ್ಲಿ ಹತ್ತು ಹೊಸ ಪದ ಬಂದಾಗ ಮಗು ಬಾಯಿಪಾಠಕ್ಕೆ ಇಳಿಯುತ್ತದೆ. ಎರಡು ಮೂರು ಮಾತ್ರ ಹೊಸದಾಗಿದ್ದರೆ ಅರ್ಥ ಮಾಡಿಕೊಳ್ಳಲು ನೋಡುತ್ತದೆ. ಗಣಿತದ ವಾಕ್ಯರೂಪದ ಲೆಕ್ಕ ತಪ್ಪುವುದರಲ್ಲೂ ಎಷ್ಟೋ ಪಾಲು ಓದಿನ ತಪ್ಪು: "ಉಳಿದದ್ದರಲ್ಲಿ ಅರ್ಧ" ಅನ್ನುವುದನ್ನು "ಅರ್ಧ" ಅಂತ ಓದಿದರೆ ಭಾಗಾಕಾರ ಬಂದೂ ಫಲವಿಲ್ಲ.

6, 7ನೇ ತರಗತಿಗೆ ತಿಂಗಳಿಗೊಂದು ಹುಡುಕುವ ಕೆಲಸ ಕೊಡಿ. ಪ್ರಶ್ನೆ ಊರಿನದ್ದಾಗಿರಲಿ. "ನಮ್ಮೂರ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ?" ನಾಲ್ವರ ಗುಂಪಿಗೆ ಒಂದು ಪ್ರಶ್ನೆ, ಮೂರು ಮೂಲ: ಒಂದು ಪುಸ್ತಕ, ಒಂದು ನಕ್ಷೆ, ಊರಿನ ಒಬ್ಬ ಹಿರಿಯರು. ಪರಿವಿಡಿ ನೋಡಿ ಪುಟ ಹುಡುಕುವುದು, ಬೇಕಾದ ಎರಡು ಸಾಲನ್ನು ತಮ್ಮ ಮಾತಿನಲ್ಲಿ ಬರೆಯುವುದು, ಪಕ್ಕದಲ್ಲಿ ಪುಸ್ತಕದ ಹೆಸರು ಮತ್ತು ಪುಟ ಹಾಕುವುದು. ಇಲ್ಲಿ ತಪ್ಪುವುದು ಎಲ್ಲಿ ಅಂದರೆ ಮಕ್ಕಳು ಇಡೀ ಪುಟವನ್ನು ನಕಲು ಮಾಡುತ್ತಾರೆ. ಬರೆಯಲು ಅಂಗೈ ಅಗಲದ ಚೀಟಿ ಮಾತ್ರ ಕೊಡಿ, ನಕಲು ಮಾಡಲು ಜಾಗವೇ ಇರುವುದಿಲ್ಲ.

ನಿಘಂಟು ಬಳಸುವುದನ್ನು ಬೇರೆಯಾಗಿ ಎರಡು ಪೀರಿಯಡ್ ಕಲಿಸಬೇಕು. ಕನ್ನಡ ನಿಘಂಟಿನಲ್ಲಿ ಮಕ್ಕಳು ದಾರಿ ತಪ್ಪುವುದು ಎರಡು ಕಡೆ. ಒತ್ತಕ್ಷರ ಇರುವ ಪದ ಆ ಅಕ್ಷರದ ಕಾಗುಣಿತ ಎಲ್ಲ ಮುಗಿದ ಮೇಲೆ ಬರುತ್ತದೆ, ಆದ್ದರಿಂದ "ಕ್ರಮ" ಹುಡುಕಲು "ಕೌ" ದಾಟಿ ಹೋಗಬೇಕು. ಸೊನ್ನೆ ಇರುವ ಪದ ಎಲ್ಲಿ ಬರುತ್ತದೆ ಅನ್ನುವುದು ಎಲ್ಲ ನಿಘಂಟಿನಲ್ಲೂ ಒಂದೇ ಥರ ಇಲ್ಲ. ನಿಮ್ಮಲ್ಲಿರುವ ನಿಘಂಟಿನಲ್ಲಿ "ಕಂಬ" ಎಲ್ಲಿದೆ ಅಂತ ನೀವು ಮೊದಲು ನೋಡಿಕೊಂಡು ತರಗತಿಗೆ ಹೋಗಿ.

ಅಳತೆ ಬೇಕೆಂದರೆ ಜೂನ್, ನವೆಂಬರ್, ಫೆಬ್ರವರಿ, ಮೂರು ಸಲ ಪ್ರತಿ ಮಗುವಿನಿಂದ ಅದೇ ಹಂತದ, ಆದರೆ ಹೊಸ ಪುಟವೊಂದನ್ನು ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದ ಎಣಿಸಿ, ಕೊನೆಗೆ ಎರಡು ಪ್ರಶ್ನೆ ಕೇಳಿ. ಚಿಕ್ಕ ತರಗತಿಗಳ ಓದು, ಲೆಕ್ಕಕ್ಕೆ ಇರುವ ಕೇಂದ್ರದ ಕಾರ್ಯಕ್ರಮ ನಿಪುಣ್ ಭಾರತ್. ಅದರ ಗುರಿ 3ನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ. ಆ ಸಂಖ್ಯೆಯ ಬೆನ್ನು ಹತ್ತಬೇಡಿ. ಕನ್ನಡದಲ್ಲಿ "ಮರ" ಒಂದು ಪದ, "ಹೋಗಬೇಕಾಗಿರಲಿಲ್ಲ" ಕೂಡ ಒಂದು ಪದ. ಮಗುವಿನ ಜೂನ್ ಲೆಕ್ಕವನ್ನು ಅದೇ ಮಗುವಿನ ಫೆಬ್ರವರಿ ಲೆಕ್ಕದ ಜತೆ ಮಾತ್ರ ಹೋಲಿಸಿ. ಪಕ್ಕದಲ್ಲಿ ಎಷ್ಟು ಪುಸ್ತಕ ಒಯ್ದಿತ್ತು ಅನ್ನುವುದೂ ಇರಲಿ. ಸಹೋದ್ಯೋಗಿಗಳ ಮುಂದೆ ಆ ಹಾಳೆ ಇಟ್ಟರೆ ಸಾಕು.

---

ಅರಿವು ಕೇಂದ್ರ, ಚಿಂತಾಮಣಿ ಕಡೆ ಉತ್ತರ:

ಪಂಚಾಯಿತಿ ಗ್ರಂಥಾಲಯವನ್ನು ಯಾರೂ ನೆನೆಯಲಿಲ್ಲ! "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ನಿಮ್ಮ ಮಕ್ಕಳ ಪಟ್ಟಿ ಮಾಡಿ ಮೇಲ್ವಿಚಾರಕರಿಗೆ ಕೊಡಿ, ಒಂದೇ ದಿನ ಎಲ್ಲರನ್ನೂ ನೋಂದಾಯಿಸಬಹುದು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಓದು ನಿಲ್ಲದಿರಲು ಇದೇ ದಾರಿ. ದಸರಾ ರಜೆಗಾದರೆ ಶಾಲೆಯಿಂದಲೇ ಒಬ್ಬರಿಗೆ ಎರಡು ಪುಸ್ತಕ ಕೊಟ್ಟು ಕಳಿಸಿ.

ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾ ಮಾರ್ಗಸೂಚಿಯಲ್ಲಿ ಗ್ರಂಥಾಲಯ ಅನುದಾನ ಶಾಲೆಯ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಇದೆ. ಸರಾಸರಿ 60 ರೂಪಾಯಿ ಅಂದುಕೊಂಡರೂ 5,000ಕ್ಕೆ 80 ಪುಸ್ತಕ ಬರುತ್ತವೆ. ಅಂಗಡಿಯವರು ಕಟ್ಟಿಟ್ಟ ಸೆಟ್ ತರಬೇಡಿ, ಅದರಲ್ಲಿ ಒಂದೇ ಥರದ ನೀತಿಕಥೆ ಇಪ್ಪತ್ತು ಇರುತ್ತವೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಪ್ರಕಾಶನದ ಪಟ್ಟಿ ತರಿಸಿ ಒಂದೊಂದಾಗಿ ಆರಿಸಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮಾಸಪತ್ರಿಕೆ "ಬಾಲ ವಿಜ್ಞಾನ"ಕ್ಕೆ ಚಂದಾ ಕಟ್ಟಿ. ಮಕ್ಕಳು ಮುಗಿಬಿದ್ದು ಕೇಳುವ ಪುಸ್ತಕದ ಎರಡನೇ ಪ್ರತಿ ತರುವುದು ಹೊಸ ಹೆಸರು ತರುವುದಕ್ಕಿಂತ ಎಷ್ಟೋ ಸಲ ಒಳ್ಳೆಯದು.

ರಿಪೇರಿ. ಸೆಲ್ಲೋ ಟೇಪ್ ಮುಟ್ಟಬೇಡಿ. ಒಂದೆರಡು ವರ್ಷದಲ್ಲಿ ಹಳದಿಯಾಗಿ ಅಂಟು ಹಾಳೆಗೆ ಇಳಿದು ಪಕ್ಕದ ಪುಟವನ್ನೂ ಹಿಡಿಯುತ್ತದೆ. ಹರಿದ ಹಾಳೆಗೆ ತೆಳ್ಳನೆಯ ಬಿಳಿ ಟಿಶ್ಯೂ ಕಾಗದದ ಪಟ್ಟಿ, ಮೈದಾ ಅಂಟು. ಒಂದು ಪಾಲು ಮೈದಾಗೆ ಐದು ಪಾಲು ನೀರು, ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ತಿರುವಿದರೆ ಗಂಜಿಯಂತೆ ಹೊಳಪು ಬರುತ್ತದೆ. ತಣ್ಣಗಾದ ಮೇಲೆ ತೆಳುವಾಗಿ ಬಳಿಯಿರಿ. ದಪ್ಪ ಬಳಿದರೆ ಜಿರಲೆ, ಇಲಿಗೆ ಊಟ ಹಾಕಿದಂತೆ. ಹುಳ ಬರದಿರಲಿ ಅಂತ ಮೈಲುತುತ್ತ ಸೇರಿಸುವ ಹಳೆಯ ರೂಢಿ ಇದೆ, ಅದು ವಿಷ, ಮಕ್ಕಳ ಪುಸ್ತಕಕ್ಕೆ ಬೇಡ.

ಪಿನ್ ತುಕ್ಕು ಹಿಡಿದ ತೆಳು ಪುಸ್ತಕಕ್ಕೆ ಮೂರು ತೂತಿನ ಹೊಲಿಗೆ. ಪಿನ್ ಬಿಚ್ಚಿ, ನಡು ಮಡಿಕೆಯಲ್ಲಿ ಮಧ್ಯಕ್ಕೊಂದು, ಮೇಲೆ ಕೆಳಗೆ ಅಂಚಿನಿಂದ ಒಂದೂವರೆ ಇಂಚು ಬಿಟ್ಟು ಒಂದೊಂದು ತೂತು. ಪುಸ್ತಕದ ಎತ್ತರದ ಎರಡೂವರೆ ಪಟ್ಟು ದಾರ. ಒಳಗಿನಿಂದ ನಡು ತೂತಿನಲ್ಲಿ ಹೊರಗೆ ತೆಗೆದು, ಮೇಲಿನದರಲ್ಲಿ ಒಳಕ್ಕೆ, ಒಳಗೇ ನಡುವನ್ನು ದಾಟಿ ಕೆಳಗಿನದರಲ್ಲಿ ಹೊರಕ್ಕೆ, ಮತ್ತೆ ನಡು ತೂತಿನಲ್ಲಿ ಒಳಕ್ಕೆ. ಎರಡು ತುದಿಯೂ ಒಳಗಿನ ಉದ್ದ ದಾರದ ಆಚೆ ಈಚೆ ಬರುವಂತೆ ಇಟ್ಟು ಗಂಟು ಹಾಕಿ. 7ನೇ ತರಗತಿ ಮಕ್ಕಳು ಎರಡು ಸಲ ನೋಡಿದರೆ ಕಲಿಯುತ್ತಾರೆ.

ಗೆದ್ದಲಿಗೆ: ಬೀರು, ರ‍್ಯಾಕ್ ಯಾವುದೇ ಇರಲಿ, ಗೋಡೆಯಿಂದ ಅರ್ಧ ಅಡಿ ದೂರ ಇರಲಿ, ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿ. ಗೋಡೆಯ ಮೇಲೆ ಮಣ್ಣಿನ ಗೆರೆ ಏರುತ್ತಿದೆಯಾ ಅಂತ ಹದಿನೈದು ದಿನಕ್ಕೊಮ್ಮೆ ಹಿಂದೆ ಬಗ್ಗಿ ನೋಡಿ, ಮಳೆ ಬಿದ್ದ ಮೇಲಂತೂ ತಪ್ಪದೆ. ಕಟ್ಟಿಟ್ಟ ಪುಸ್ತಕಕ್ಕೇ ಅದು ಮೊದಲು ಹತ್ತುವುದು. ವಾರಕ್ಕೊಮ್ಮೆ ಮಕ್ಕಳ ಕೈಗೆ ಹೋಗಿ ಬರುವ ಪುಸ್ತಕದಲ್ಲಿ ಗೆದ್ದಲು ಮನೆ ಮಾಡಲು ಪುರುಸೊತ್ತೇ ಇರುವುದಿಲ್ಲ.

---

ಬಾಗೇಪಲ್ಲಿ ಮೇಷ್ಟ್ರು:

ಬೀರು ಈಗಲೇ ಗೋಡೆಗೆ ಆನಿಸಿಯೇ ಇದೆ. ನಾಳೆ ಮೊದಲು ಅದನ್ನು ಸರಿಸುತ್ತೇವೆ. ಲಗ್ನಪತ್ರಿಕೆ ತರಲು ಮಕ್ಕಳಿಗೆ ಹೇಳಿದ್ದೆ, ಒಂದೇ ದಿನದಲ್ಲಿ ಎರಡು ಗೋಣಿಚೀಲ ಬಂದಿದೆ.